75 ಗಜದಲ್ಲಿ ನಿಂತುಬಿಟ್ಟ ಗಂಡು ಎಲ್ಕ್: ಒಂದು ಬೆಳಗಿನ ಪೂರ್ತಿ ಪ್ರಕರಣ

ಬಿಲ್ಲಲ್ಲಿ ಎಲ್ಕ್ (ಉತ್ತರ ಅಮೆರಿಕದ ದೊಡ್ಡ ಜಿಂಕೆ ಜಾತಿ) ಬೇಟೆ ಆಡೋರ ಹತ್ರ ಸೆಪ್ಟೆಂಬರ್ ಮುಗಿದ ಮೇಲೆ ಮಾತಾಡಿದ್ರೆ ಹತ್ತರಲ್ಲಿ ಎಂಟು ಜನ ಹೇಳೋ ಕಥೆ ಒಂದೇ. ಅದರ ಥರಾನೇ ಕೂಗಿದ್ವಿ, ಉತ್ತರ ಕೊಡ್ತು, ಹತ್ರಾನೂ ಬಂತು, ಆಮೇಲೆ 70-80 ಗಜದಲ್ಲಿ ನಿಂತ್ಕೊಂಡು ಅಲ್ಲಿಂದಾನೇ ಕೂಗಿ ಕೂಗಿ ವಾಪಸ್ ಹೋಯ್ತು. ರೈಫಲ್ ಇದ್ದೋರಿಗೆ ಆ ದೂರ ಲೆಕ್ಕಕ್ಕೇ ಇಲ್ಲ, ಆದ್ರೆ ಬಿಲ್ಲು ಹಿಡಿದವನು 30-40 ಗಜದ ಒಳಗೆ ಬರದೆ ಬಾಣ ಬಿಡಬಾರ್ದು, ಬಿಟ್ರೆ ಪ್ರಾಣಿ ಗಾಯ ಆಗಿ ನರಳಿ ಎಲ್ಲೋ ಹೋಗಿ ಸಾಯತ್ತೆ. ಹೀಗೆ ನಿಂತುಬಿಡೋದಕ್ಕೆ ಇಲ್ಲಿನೋರು ಹ್ಯಾಂಗಪ್ ಅಂತಾರೆ. ಇದ್ರ ಬಗ್ಗೆ ಸಿಗೋ ಸಲಹೆಯೆಲ್ಲ ಯಾವ ಸೌಂಡ್ ಮಾಡ್ಬೇಕು, ಯಾವ ಕಂಪನಿ ರೀಡ್ (ಕೂಗೋಕೆ ಬಾಯಲ್ಲಿಡೋ ಪೀಪಿ) ತಗೋಬೇಕು ಅನ್ನೋದರ ಸುತ್ತಾನೇ ತಿರುಗತ್ತೆ. ನನ್ನ ಅಭಿಪ್ರಾಯ ಬೇರೆ, ಹ್ಯಾಂಗಪ್ ಬಿಡಿಸೋದು ಗಂಟಲಿಗಿಂತ ಜಾಸ್ತಿ ಕಾಲಿನ ಕೆಲಸ, ಅಂದ್ರೆ ಕೂಗೋನು ಎಲ್ಲಿ ನಿಂತಿದ್ದಾನೆ, ಯಾವಾಗ ಅಲ್ಲಿಂದ ಹೊರಡ್ತಾನೆ ಅನ್ನೋದು. ಯಾಕೆ ಹಂಗಂತೀನಿ ಅಂತ ಒಂದೇ ಒಂದು ಬೆಳಗಿನ ಕೇಸ್ ಇಟ್ಕೊಂಡು ಬಿಡಿಸಿ ಹೇಳ್ತೀನಿ.

ಜಾಗ ಅಮೆರಿಕದ ಕೊಲೊರಾಡೋ ರಾಜ್ಯದ ವಾಯವ್ಯ ಭಾಗದ ಫ್ಲ್ಯಾಟ್ ಟಾಪ್ಸ್, ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್ ಒಳಗೆ, ಸುಮಾರು 10,000 ಅಡಿ ಎತ್ತರ. ಸೆಪ್ಟೆಂಬರ್ ಮೂರನೇ ವಾರ, ಆಸ್ಪೆನ್ ಮರಗಳ ಎಲೆ ಅರ್ಧ ಹಳದಿ ಆಗಿತ್ತು, ರಾತ್ರಿ ನೀರಿನ ಬಾಟ್ಲಿ ಮೇಲೆ ತೆಳ್ಳಗೆ ಐಸ್ ಕಟ್ತಾ ಇತ್ತು. ಬೆದೆಗಾಲ ಜೋರಾಗಿರೋ ಟೈಮ್ ಅದು. ಬಿಲ್ಲು, ಟ್ಯಾಗು (ಒಂದು ಪ್ರಾಣಿ ಹೊಡೆಯೋಕೆ ಸಿಗೋ ಪರವಾನಗಿ) ಎರಡೂ ನನ್ನ ಗೆಳೆಯಂದು, ನಾನು ಕಾಲರ್, ಅಂದ್ರೆ ಎಲ್ಕ್ ಥರ ಕೂಗಿ ಕರೆಯೋನು, ನನ್ನ ಕೈಯಲ್ಲಿ ಆಯುಧ ಇರ್ಲಿಲ್ಲ. ಊರಲ್ಲಿ ಇದನ್ನ ಓದೋರಿಗೆ ಒಂದು ಮಾತು ಹೇಳ್ಬೇಕು. ಕರ್ನಾಟಕದಲ್ಲಿ ಕಡವೆ ಆಗ್ಲಿ ಜಿಂಕೆ ಆಗ್ಲಿ ಬೇಟೆ ಆಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದು ಹಾಗೇ ಇರ್ಬೇಕು ಕೂಡ. ಇಲ್ಲಿನ ಲೆಕ್ಕ ಬೇರೆ. 20ನೇ ಶತಮಾನದ ಶುರುವಲ್ಲಿ ಕೊಲೊರಾಡೋದಲ್ಲಿ ಎಲ್ಕ್ ಮುಗಿದೇ ಹೋಯ್ತು ಅನ್ನೋ ಸ್ಥಿತಿಗೆ ಬಂದು, ಪಕ್ಕದ ವಯೋಮಿಂಗ್ ನಿಂದ ತಂದು ಬಿಟ್ಟು ಬೆಳೆಸಿದ್ರು, ಈಗ ಎರಡೂವರೆ ಲಕ್ಷಕ್ಕೂ ಮೇಲಿದೆ, ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಟ್ಯಾಗ್ ದುಡ್ಡು, ಜೊತೆಗೆ 1937ರ ಕಾನೂನಿನ ಪ್ರಕಾರ ಬಂದೂಕು ಮದ್ದುಗುಂಡಿನ ಮೇಲೆ (ಆಮೇಲೆ ಬಿಲ್ಲು ಬಾಣದ ಮೇಲೂ ಬಂತು) ಹಾಕೋ ತೆರಿಗೆ, ಇವೆರಡೇ ವನ್ಯಜೀವಿ ಇಲಾಖೆಗೆ ದೊಡ್ಡ ಆದಾಯ. 1949 ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಸಾಮಾನ್ಯವಾಗಿ ಹಂಟರ್ ಎಜುಕೇಶನ್ ಕೋರ್ಸ್ ಪಾಸಾಗದೆ ಲೈಸೆನ್ಸ್ ತಗೊಳ್ಳೋ ಹಾಗಿಲ್ಲ. ಗಂಡು ಎಲ್ಕ್ ಆದ್ರೆ ಬಹಳಷ್ಟು ಯೂನಿಟ್ ಗಳಲ್ಲಿ (ಬೇಟೆಗೆ ಅಂತ ವಿಂಗಡಿಸಿದ ಪ್ರದೇಶಗಳಲ್ಲಿ) ಒಂದು ಕೊಂಬಿಗೆ ಕನಿಷ್ಠ 4 ಕವಲು ಇರ್ಬೇಕು, ಇಲ್ಲಾ ಹುಬ್ಬಿನ ಹತ್ರದ ಕವಲು 5 ಇಂಚು ಇರ್ಬೇಕು, ಅದಿಲ್ಲದಿದ್ರೆ ಬಿಟ್ಟುಬಿಡ್ಬೇಕು.

ಸೌಂಡುಗಳ ವಿಷಯ ಸ್ವಲ್ಪ ಗೊತ್ತಿರ್ಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಗಂಡು ಮಾಡೋದು ಬ್ಯೂಗಲ್, ಕೆಳಗಿಂದ ಶುರುವಾಗಿ ಮೇಲಕ್ಕೆ ಹೋಗಿ ಸಿಳ್ಳೆ ಥರ ಚೀರಿ ಆಮೇಲೆ ಕೆಳಗೆ ಬೀಳತ್ತೆ, ಅದರ ಬೆನ್ನಿಗೇ ಎದೆಯಿಂದ ಬರೋ ಕೆಕ್ ಕೆಕ್ ಕೆಕ್ ಅನ್ನೋ ಚಕಲ್. 300 ಕೆಜಿ ಮೀರೋ ಪ್ರಾಣಿಯ ಗಂಟಲಿಂದ ಅಷ್ಟು ತೆಳ್ಳನೆ ಧ್ವನಿ ಹೇಗೆ ಬರತ್ತೆ ಅಂತ ಮೊದಲ ಸಲ ಕೇಳಿದೋರೆಲ್ಲ ಕೇಳ್ತಾರೆ. 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅದು ಒಟ್ಟಿಗೇ ಎರಡು ಧ್ವನಿ ಮಾಡತ್ತೆ, ಸುಮಾರು 150 ಹರ್ಟ್ಸ್ ನ ಒಂದು ಘರ್ಜನೆ, ಅದರ ಮೇಲೆ 4,000 ಹರ್ಟ್ಸ್ ತನಕ ಹೋಗೋ ಒಂದು ಸಿಳ್ಳೆ. ದೂರಕ್ಕೆ ಸಿಳ್ಳೆ ಮಾತ್ರ ಕೇಳತ್ತೆ, 100 ಗಜದ ಒಳಗೆ ಬಂದಾಗ ಆ ಘರ್ಜನೆ ನಿಮ್ಮ ಪಕ್ಕೆಲುಬಿಗೆ ತಾಗತ್ತೆ. ಹೆಣ್ಣು ಮಾಡೋದು ಮ್ಯೂ, ಮೇಲಿಂದ ಕೆಳಗೆ ಜಾರೋ ಚಿಕ್ಕ ಧ್ವನಿ, ಗುಂಪಲ್ಲಿ ಅದು ಮಾತುಕತೆ ಇದ್ದಂಗೆ ನಡೀತಾನೇ ಇರತ್ತೆ. ಬೆದೆಗೆ ಬಂದ ಹೆಣ್ಣು ಅದನ್ನೇ ಎಳೆದು ಗೋಗರೆದ ಹಾಗೆ ಕೂಗತ್ತೆ. ಇನ್ನು ನಾಯಿ ಬೊಗಳಿದ ಥರ ಒಂದು ಚೂಪಾದ ಬಾರ್ಕ್ ಕೇಳಿಸ್ತು ಅಂದ್ರೆ ಅದು ಅಪಾಯದ ಕೂಗು, ಆಟ ಬಹುತೇಕ ಮುಗೀತು ಅಂತ.

ನಾನು ಬಳಸೋದು ಬಾಯೊಳಗೆ ಇಡೋ ಡಯಾಫ್ರಮ್ ರೀಡ್, ಕುದುರೆ ಲಾಳದ ಆಕಾರದ ಫ್ರೇಮ್ ಗೆ ಎಳೆದು ಕಟ್ಟಿದ ಲ್ಯಾಟೆಕ್ಸ್ ಪದರ, ಅದನ್ನ ಅಂಗುಳಕ್ಕೆ ಒತ್ತಿ ನಾಲಿಗೆಯ ಮಧ್ಯಭಾಗ ಮೇಲಕ್ಕೆ ಒತ್ತಿ ಹಿಡಿದು ಎದೆಯಾಳದಿಂದ ಗಾಳಿ ಬಿಡ್ಬೇಕು, ಒತ್ತಿದಷ್ಟೂ ಧ್ವನಿ ಮೇಲೇರತ್ತೆ, ಹಾಗೇ ದವಡೆ ಕೆಳಗೆ ಬಿಟ್ರೆ ಮ್ಯೂ ಆಗತ್ತೆ. ಹೊಸಬರು ಕೆನ್ನೆಯಿಂದ ಗಾಳಿ ಊದ್ತಾರೆ, ಅದಕ್ಕೇ ಅವರ ಮ್ಯೂ ಬಲೂನಿಂದ ಗಾಳಿ ಹೋದ ಹಾಗೆ ಕೇಳತ್ತೆ. ಬ್ಯೂಗಲ್ ಗೆ ಒಂದು ಉದ್ದನೆ ಪ್ಲಾಸ್ಟಿಕ್ ಟ್ಯೂಬ್. ಇಷ್ಟೇ ಸಾಮಾನು. ರಾಕಿ ಮೌಂಟನ್ ಎಲ್ಕ್ ಫೌಂಡೇಶನ್ ನಡೆಸೋ ಕೂಗೋ ಚಾಂಪಿಯನ್‌ಶಿಪ್ಪಲ್ಲಿ ಗೆಲ್ಲೋರ ಧ್ವನಿ ಕೇಳಿದ್ರೆ ಮೈ ಜುಮ್ಮನ್ನತ್ತೆ, ಆದ್ರೆ ಕಾಡಲ್ಲಿ ಅಷ್ಟು ಚಂದ ಬೇಕಾಗಿಲ್ಲ, ನಿಜವಾದ ಹೆಣ್ಣು ಎಲ್ಕ್ ಗಳೇ ಎಷ್ಟೋ ಸಲ ಕೆಟ್ಟದಾಗಿ ಕೂಗ್ತಾವೆ.

ಈಗ ಕೇಸ್. ಹಿಂದಿನ ಸಂಜೆ ಇದೇ ಗಂಡನ್ನ ಹುಲ್ಲುಗಾವಲಿನ ಅಂಚಲ್ಲಿ ನೋಡಿದ್ವಿ, ಜೊತೆಗೆ ಎಂಟೊಂಬತ್ತು ಹೆಣ್ಣು. ಎದುರು ದಿಣ್ಣೆ ಮೇಲಿಂದ ಬೇರೆ ಯಾರೋ ಬೇಟೆಗಾರ ಜೋರಾಗಿ ಚಾಲೆಂಜ್ ಬ್ಯೂಗಲ್ (ಇನ್ನೊಂದು ಗಂಡು ಜಗಳಕ್ಕೆ ಕರೆಯೋ ಥರದ ಕೂಗು) ಮಾಡ್ದ, 300 ಗಜ ದೂರದಿಂದ. ಗಂಡು ಒಂದು ಸಲ ಉತ್ತರ ಕೊಡ್ತು, ಆಮೇಲೆ ತಲೆ ತಗ್ಗಿಸಿ ಕತ್ತು ಮುಂದೆ ಚಾಚಿ ಹೆಣ್ಣುಗಳನ್ನೆಲ್ಲ ಒಟ್ಟು ಮಾಡಿ ಮರಗಳ ಒಳಗೆ ಅಟ್ಟಿಕೊಂಡು ಹೋಯ್ತು. ಅದು ಹೆದರಿ ಓಡಿದ್ದಲ್ಲ. ಹೆಣ್ಣುಗಳು ಕೈಯಲ್ಲಿರೋ ಗಂಡಿಗೆ ದೂರದ ಶತ್ರು ಜೊತೆ ಜಗಳ ಆಡೋದರಿಂದ ಲಾಭ ಏನೂ ಇಲ್ಲ, ಜಗಳಕ್ಕೆ ಹೋದ ಹೊತ್ತಲ್ಲಿ ಸಣ್ಣ ಗಂಡುಗಳು ಬಂದು ಹೆಣ್ಣು ಹಾರಿಸ್ಕೊಂಡು ಹೋಗ್ತಾವೆ, ಒಂದು ಹೆಣ್ಣು ಬೆದೆಯಲ್ಲಿ ಇರೋದೇ ಒಂದು ದಿನಕ್ಕಿಂತ ಕಮ್ಮಿ. ಹಾಗಾಗಿ ದೂರದಿಂದ ಚಾಲೆಂಜ್ ಬಂದ್ರೆ ಜಾಗ ಖಾಲಿ ಮಾಡೋದೇ ಅದಕ್ಕೆ ಬುದ್ಧಿವಂತಿಕೆ. ಇದನ್ನ ನೋಡಿದ್ಮೇಲೆ ಮಾರನೇ ದಿನ ಈ ಗಂಡಿನ ಮೇಲೆ ದೊಡ್ಡ ಬ್ಯೂಗಲ್ ಬಳಸಲ್ಲ ಅಂತ ರಾತ್ರಿನೇ ನಿರ್ಧಾರ ಆಯ್ತು.

ಬೆಳಗ್ಗೆ ಬೆಳಕು ಹರಿಯೋಕೆ ಮುಂಚೆ ದಿಣ್ಣೆ ಮೇಲೆ ಕೂತು ಬರೀ ಕೇಳಿಸ್ಕೊಂಡ್ವಿ, ನಾನು ಬಾಯೇ ಬಿಡ್ಲಿಲ್ಲ, ಕೂಗೋ ಅಗತ್ಯಾನೂ ಇರ್ಲಿಲ್ಲ ಯಾಕಂದ್ರೆ ಅದೇ ತಾನಾಗಿ ಕೂಗ್ತಾ ಇತ್ತು. ಗುಂಪು ರಾತ್ರಿಯೆಲ್ಲ ಕೆಳಗಿನ ಹುಲ್ಲಲ್ಲಿ ಮೇದು ಈಗ ಉತ್ತರಕ್ಕೆ ಮುಖ ಮಾಡಿರೋ ಇಳಿಜಾರಿನ ದಟ್ಟ ಸ್ಪ್ರೂಸ್ ಕಾಡಿಗೆ ಮಲಗೋಕೆ ಏರ್ತಾ ಇತ್ತು. ಬೆಟ್ಟದಲ್ಲಿ ಗಾಳಿಯ ಲೆಕ್ಕ ಹೀಗಿರತ್ತೆ: ಬೆಳಗ್ಗೆ ತಂಪಾದ ಗಾಳಿ ಭಾರ ಆಗಿ ಕೆಳಕ್ಕೆ ಜಾರತ್ತೆ, ಬಿಸಿಲು ಬಿದ್ದು ನೆಲ ಕಾದ ಮೇಲೆ ಮೇಲಕ್ಕೆ ಏರತ್ತೆ, ಸಂಜೆ ಮತ್ತೆ ಕೆಳಕ್ಕೆ. ಎಲ್ಕ್ ಬೆಳಗ್ಗೆ ಮೇಲೆ ಹತ್ತುವಾಗ ಮೇಲಿನ ವಾಸನೆಯೆಲ್ಲ ಅದರ ಮೂಗಿಗೇ ಬರತ್ತೆ, ಅದಕ್ಕೇ ಆ ಹೊತ್ತಲ್ಲಿ ಮೇಲೆ ಹೋಗಿ ಕಾಯ್ತೀವಿ ಅನ್ನೋದು ಕೆಲಸಕ್ಕೆ ಬಾರದ ಪ್ಲಾನ್. ನಾವು ಪಕ್ಕಕ್ಕೆ, ಅದೇ ಮಟ್ಟದಲ್ಲಿ, 300 ಗಜ ಬಿಟ್ಟು ಹಿಂಬಾಲಿಸಿದ್ವಿ. ಕಣ್ಣಿಗೆ, ಕಿವಿಗೆ ಎಲ್ಕ್ ಒಂದೊಂದು ಸಲ ಕ್ಷಮೆ ಕೊಡತ್ತೆ, ಮೂಗಿಗೆ ಕೊಡಲ್ಲ.

8 ಗಂಟೆ ಹೊತ್ತಿಗೆ ಗುಂಪು ಒಂದು ಸಮತಟ್ಟು ಜಾಗದಲ್ಲಿ, ಇಳಿಜಾರಿನ ಮಧ್ಯೆ ಮೆಟ್ಟಿಲ ಥರ ಇರೋ ಬೆಂಚಲ್ಲಿ ಮಲಗ್ತು. ಗಂಡು ಮಲಗಿದಲ್ಲಿಂದಾನೇ ಆಗಾಗ ಸೋಮಾರಿ ಧ್ವನಿಯಲ್ಲಿ ಅರ್ಧ ಬ್ಯೂಗಲ್ ಮಾಡ್ತಾ ಇತ್ತು. ಇಲ್ಲಿ ಗೆಳೆಯನಿಗೆ ಆತುರ, ನನಗೆ ಕಾಯೋಣ ಅಂತ. ಗಾಳಿ ತಿರುಗೋ ಆ ಮಧ್ಯದ ಒಂದು ಗಂಟೆ ಎಲ್ಲಕ್ಕಿಂತ ಕೆಟ್ಟದು, ಗಾಳಿ ದಿಕ್ಕು ನೋಡೋಕೆ ಇಟ್ಕೊಂಡ ಪೌಡರ್ ಬಾಟ್ಲಿ ಅದುಮಿದ್ರೆ ಪುಡಿ ಒಂದು ಸಲ ಕೆಳಗೆ ಹೋಗತ್ತೆ, ಒಂದು ಸಲ ಸುತ್ತತ್ತೆ, ಒಂದು ಸಲ ನಿಮ್ಮ ಮುಖಕ್ಕೇ ಬರತ್ತೆ, ಉತ್ತರದ ಇಳಿಜಾರಲ್ಲಂತೂ ಬಿಸಿಲು ಲೇಟು, ತಿರುಗೋದೂ ಲೇಟು. 9:30 ದಾಟಿದ ಮೇಲೆ ಪುಡಿ ಸತತವಾಗಿ ಮೇಲಕ್ಕೆ ಹೋಗೋಕೆ ಶುರುವಾಯ್ತು. ಆಗ ದೊಡ್ಡ ಸುತ್ತು ಹಾಕಿ ಬೆಂಚಿನ ಮೇಲ್ಗಡೆಗೆ ಬಂದ್ವಿ. ಈಗ ಅದರ ವಾಸನೆ ನಮ್ಮ ಕಡೆ ಬರತ್ತೆ, ನಮ್ಮದು ಅದರ ಕಡೆ ಹೋಗಲ್ಲ. ಬಂತು ಕೂಡ, ಉಚ್ಚೆ, ಒದ್ದೆ ಕೂದಲು, ಕೆಸರು ಎಲ್ಲ ಸೇರಿದ ಘಾಟು, ಬೆದೆಯಲ್ಲಿರೋ ಗಂಡು ಕೆಸರುಹೊಂಡದಲ್ಲಿ ತನ್ನ ಮೇಲೇ ಉಚ್ಚೆ ಹೊಯ್ಕೊಂಡು ಹೊರಳಾಡಿರತ್ತೆ.

ಸೆಟಪ್ ಬಗ್ಗೆ ನಿಧಾನವಾಗಿ ಹೇಳ್ತೀನಿ, ಕೇಸಿನ ಜೀವ ಇರೋದೇ ಇಲ್ಲಿ. ಗಂಡು ಎಲ್ಕ್ ಕೂಗಿಗೆ ಬರುವಾಗ ಕೊನೇ ಹಂತದಲ್ಲಿ ನೇರ ಬರೋದು ಕಮ್ಮಿ, ಅರ್ಧ ಸುತ್ತು ಹಾಕಿ ಕೂಗಿದ ಜಾಗದ ವಾಸನೆ ಸಿಗೋ ಕಡೆಗೆ ಬರತ್ತೆ. ಆವತ್ತು ವಾಸನೆ ಹೋಗ್ತಾ ಇದ್ದಿದ್ದು ಮೇಲಕ್ಕೆ, ಹಾಗಾಗಿ ಅದು ಯಾವುದೋ ಒಂದು ಪಕ್ಕದಿಂದ ನನ್ನ ಮಟ್ಟ ದಾಟಿ ಮೇಲೇರೋಕೆ ನೋಡತ್ತೆ. ಎಡಕ್ಕೆ ಜೀರುಂಡೆ ಹೊಡೆದು ಸತ್ತ ಸ್ಪ್ರೂಸ್ ಮರಗಳು ಒಂದರ ಮೇಲೊಂದು ಬಿದ್ದು ಜಾಲ ಕಟ್ಟಿದ್ವು, ಅಲ್ಲಿ ಕೊಂಬಿನ ಪ್ರಾಣಿ ನುಗ್ಗಲ್ಲ. ಬಲಕ್ಕೆ ಹಳೇ ಕಾಲುದಾರಿ, ಗೊರಸಿನ ಗುರುತು ಹಸಿಯಾಗಿತ್ತು. ಗೆಳೆಯ ನನಗಿಂತ 60 ಗಜ ಮುಂದೆ, ಆ ದಾರಿಯಿಂದ 25-30 ಗಜ ಒಳಗೆ, ಒಂದು ಎಳೇ ಸ್ಪ್ರೂಸ್ ಮುಂದೆ ಮಂಡಿಯೂರಿದ. ಗಿಡದ ಮುಂದೆ, ಹಿಂದೆ ಅಲ್ಲ. ಹಿಂದೆ ಅಡಗಿದ್ರೆ ಬಿಲ್ಲು ಎಳೆಯೋಕೂ ಆಗಲ್ಲ, ಬಾಣ ಬಿಡೋಕೂ ಜಾಗ ಇರಲ್ಲ, ಮುಂದೆ ಕೂತ್ರೆ ಹಿಂದಿನ ಗಿಡವೇ ಮೈ ಆಕಾರ ಒಡೆದು ಮರೆ ಮಾಡತ್ತೆ.

ನಾನು ಹಿಂದಿಂದ ಎರಡು ಮ್ಯೂ, ಮೆತ್ತಗೆ. ಐದು ನಿಮಿಷ ಸುಮ್ನೆ. ಕೆಳಗಿಂದ ಒಂದು ಹೆಣ್ಣು ಉತ್ತರ ಕೊಡ್ತು, ಅದಾದ್ಮೇಲೆ ಗಂಡು, ಈ ಸಲ ಪೂರ್ತಿ ಬ್ಯೂಗಲ್. ಇನ್ನೊಂದು ಮ್ಯೂ, ಸ್ವಲ್ಪ ಎಳೆದು. ಕೊಂಬು ಕೊಂಬೆಗೆ ತಾಗೋ ಸದ್ದು, ಕಲ್ಲು ಉರುಳೋ ಸದ್ದು, ಬರ್ತಾ ಇದೆ. ಬೆಂಚು ಮುಗಿದು ಇಳಿಜಾರು ಶುರುವಾಗೋ ಅಂಚಿಗೆ ಬಂತು, ಗೆಳೆಯನಿಂದ 75 ಗಜ, ನನ್ನಿಂದ 130ರ ಮೇಲೆ, ಅಲ್ಲಿ ನಿಂತುಬಿಡ್ತು.

ಯಾಕೆ ಅಲ್ಲೇ? ಆ ಅಂಚಿಂದ ಮೇಲಕ್ಕೆ ಮರ ತೆಳುವಾಗಿದ್ವು, ಅಲ್ಲಿ ನಿಂತ್ರೆ ನಾನಿದ್ದ ಜಾಗದ ತನಕ ಕಾಣತ್ತೆ. ಎಲ್ಕ್ ಕಿವಿ ಎಷ್ಟು ಕರಾರುವಾಕ್ಕು ಅಂದ್ರೆ ಧ್ವನಿ ಬಂದ ಮರ ಯಾವುದು ಅಂತಾನೇ ಅದಕ್ಕೆ ಗೊತ್ತಿರತ್ತೆ. ಕಣ್ಣಿಗೆ ಕಾಣ್ಬೇಕಾದ ಹೆಣ್ಣು ಕಾಣ್ತಿಲ್ಲ. ಇನ್ನೊಂದು ಕಾರಣಾನೂ ಇದೆ, ಅವುಗಳ ರೂಢಿಯಲ್ಲಿ ಗಂಡು ಬ್ಯೂಗಲ್ ಮಾಡಿದ್ಮೇಲೆ ಹೆಣ್ಣೇ ಅದರ ಕಡೆ ಬರೋದು ಜಾಸ್ತಿ. ಅಂದ್ರೆ ಈ ಗಂಡು ತನ್ನ ಪಾಲಿನ ದಾರಿ ನಡೆದು ಮುಗಿಸಿ ಉಳಿದಿದ್ದು ನೀನು ಬಾ ಅಂತ ನಿಂತಿದೆ. ಇದನ್ನ ಮೊಂಡುತನ ಅನ್ನೋದು ತಪ್ಪು, ಅದರ ಲೆಕ್ಕದಲ್ಲಿ ಅದು ಸರಿಯಾಗೇ ನಡ್ಕೊಳ್ತಾ ಇದೆ.

ಅಲ್ಲೇ ನಿಂತು ಒಂದು ಎಳೇ ಮರಕ್ಕೆ ಕೊಂಬು ಉಜ್ಜಿ ಸಿಪ್ಪೆ ಕಿತ್ತು ಹಾಕ್ತು, ಬ್ಯೂಗಲ್, ಚಕಲ್, ಮತ್ತೆ ಬ್ಯೂಗಲ್. ಆರೇಳು ನಿಮಿಷ ಹೀಗೆ. ಈ ಹೊತ್ತಲ್ಲಿ ಕಾಲರ್ ಗೆ ಬರೋ ಮೊದಲ ಆಸೆ ಇನ್ನೂ ಜೋರಾಗಿ, ಇನ್ನೂ ಜಾಸ್ತಿ ಕೂಗೋದು. ಅದೇ ಜಾಗದಿಂದ ಇನ್ನೊಂದು ಮ್ಯೂ ಬಂತು ಅಂದ್ರೆ ಹೆಣ್ಣು ಇನ್ನೂ ಅಲ್ಲೇ ಇದೆ, ಆದ್ರೆ ಕಾಣ್ತಿಲ್ಲ ಅನ್ನೋ ಅದರ ಅನುಮಾನ ಇನ್ನೂ ಗಟ್ಟಿ ಆಗತ್ತೆ. ಇನ್ನೊಂದು ಆಸೆ ಚಾಲೆಂಜ್ ಬ್ಯೂಗಲ್. ಗುಂಪಿನ ಗಂಡು 60-70 ಗಜದ ಒಳಗಿದ್ದು ನಾವು ಅದರ ಹೆಣ್ಣುಗಳ ಮಧ್ಯೆನೇ ನುಗ್ಗಿದ್ದಿದ್ರೆ ಅದು ಕೆಲಸ ಮಾಡ್ಬಹುದಿತ್ತು, ಅಷ್ಟು ಹತ್ರ ಬಂದ ಶತ್ರುವನ್ನ ಬಿಟ್ಟು ಹೋಗೋಕೆ ಅದಕ್ಕೆ ಆಗಲ್ಲ. ನಾನಿದ್ದಿದ್ದು 130 ಗಜದಲ್ಲಿ, ಹೆಣ್ಣುಗಳು ಅದರ ಬೆನ್ನ ಹಿಂದೆ, ಹಿಂದಿನ ಸಂಜೆ ಆಗಿದ್ದೇ ಮತ್ತೆ ಆಗ್ತಿತ್ತು.

ನಾನು ಮಾಡಿದ್ದು ಇಷ್ಟು. ಅದು ತಲೆ ತಗ್ಗಿಸಿ ಮರ ಉಜ್ಜೋ ಹೊತ್ತಲ್ಲಿ ನೆಲಕ್ಕೆ ಬಗ್ಗಿ ಹಿಂದಕ್ಕೆ ಸರಿಯೋಕೆ ಶುರು ಮಾಡ್ದೆ. ನನ್ನ ಹಿಂದೆ 40 ಗಜಕ್ಕೆ ನೆಲ ಒಂದು ಸಣ್ಣ ಏರು ಹತ್ತಿ ಆ ಕಡೆ ಇಳೀತಿತ್ತು, ಅದನ್ನ ದಾಟಿ ಇನ್ನೂ 20 ಗಜ ಹೋದೆ. ಇನ್ನು ಅಂಚಿಂದ ನೋಡಿದ್ರೆ ಹೆಣ್ಣು ಕಾಣದೇ ಇರೋದಕ್ಕೆ ಕಾರಣ ಸಿಗತ್ತೆ, ದಿಬ್ಬದ ಆ ಕಡೆ ಇದೆ ಅಂತ. ಹೋಗ್ತಾ ಸದ್ದಿಲ್ಲದೆ ನಡೆಯೋ ಪ್ರಯತ್ನ ಮಾಡ್ಲಿಲ್ಲ, ಒಣ ಕಡ್ಡಿ ಮುರೀತಾ, ಕಾಲಲ್ಲಿ ಕಲ್ಲು ತಳ್ತಾ ಹೋದೆ, 225 ಕೆಜಿ ಹೆಣ್ಣು ನಡೆದ್ರೆ ಸದ್ದಾಗತ್ತೆ ತಾನೆ. ಬೆನ್ನು ಗಂಡಿನ ಕಡೆ, ಬಾಯಿ ಬೆಟ್ಟದ ಕಡೆ ಮಾಡಿ, ಅಂಗೈ ಅರ್ಧ ಮುಚ್ಚಿ ಒಂದು ಮ್ಯೂ. ಧ್ವನಿ ದೂರ ಹೋಗ್ತಾ ಇರೋ ಹಾಗೆ ಕೇಳ್ಬೇಕು, ಅದಕ್ಕೆ. ಒಂದು ನಿಮಿಷ ಬಿಟ್ಟು ಟ್ಯೂಬಲ್ಲಿ ಒಂದು ತೆಳ್ಳನೆ, ಚಕಲ್ ಇಲ್ಲದ, ಕೊನೆಯಲ್ಲಿ ಒಡೆದು ಹೋಗೋ ಬ್ಯೂಗಲ್, ಎರಡು ಮೂರು ವರ್ಷದ ಎಳೇ ಗಂಡು ಕೂಗೋ ಹಾಗೆ. ಆಮೇಲೆ ಮಣಿಕಟ್ಟಿನಷ್ಟು ದಪ್ಪದ ಒಣ ಕೊಂಬೆ ತಗೊಂಡು ಒಂದು ಸ್ಪ್ರೂಸ್ ಗೆ ಕೆಳಗಿಂದ ಮೇಲಕ್ಕೆ ಹತ್ತು ಸೆಕೆಂಡ್ ಉಜ್ಜಿದೆ, ನಿಲ್ಲಿಸಿದೆ, ಮತ್ತೆ ಉಜ್ಜಿದೆ, ಕೊಂಬು ಉಜ್ಜೋ ಎಲ್ಕ್ ಒಂದೇ ತಾಳದಲ್ಲಿ ಉಜ್ಜಲ್ಲ. ಅಷ್ಟೇ, ಅದಾದ್ಮೇಲೆ ಬಾಯಿ ಮುಚ್ಕೊಂಡು ಕೂತೆ. ಈ ಸುಮ್ಮನಿರೋದಿದೆಯಲ್ಲ, ಎಲ್ಲ ಟೆಕ್ನಿಕ್ ಗಿಂತ ಕಷ್ಟ ಇದು.

ಈಗ ಅದಕ್ಕೆ ಸಿಕ್ಕ ಸುದ್ದಿ ಏನಂದ್ರೆ ಹೆಣ್ಣು ಬರ್ತಿಲ್ಲ, ಹೋಗ್ತಿದೆ, ಅದೂ ಹೊಡೆದು ಓಡಿಸಬಹುದಾದ ಒಬ್ಬ ಚಿಕ್ಕವನ ಜೊತೆ. ಬೆಂಚಿನ ಕಡೆಯಿಂದ ಸದ್ದು ನಿಂತುಹೋಯ್ತು. ಎಷ್ಟೋ ಜನ ಇಲ್ಲಿ ಎದ್ದುಬಿಡ್ತಾರೆ, ಹೋಯ್ತು ಅಂತ. ಬರೋಕೆ ತೀರ್ಮಾನ ಮಾಡಿದ ಗಂಡು ಬಹಳ ಸಲ ಬಾಯಿ ಬಿಡದೇ ಬರತ್ತೆ, ಹಾಗಾಗಿ ಸದ್ದು ನಿಂತ ಮೇಲೆ ಕನಿಷ್ಠ ಅರ್ಧ ಗಂಟೆ ಅಲ್ಲಾಡಬಾರ್ದು ಅನ್ನೋದು ನಮ್ಮಿಬ್ಬರ ಒಪ್ಪಂದ.

ಮುಂದಿನದು ಗೆಳೆಯ ಕಂಡಿದ್ದು. ಬಲಗಡೆಯ ಕಾಲುದಾರಿಯಲ್ಲಿ, ಮೂಗು ಮೇಲೆತ್ತಿ, ಕೊಂಬು ಬೆನ್ನಿಗೆ ಒರಗಿಸಿ ಮರಗಳ ಮಧ್ಯೆ ಜಾರಿಕೊಂಡು ಬಂತಂತೆ, ಒಂದು ಕಡೆ 6 ಇನ್ನೊಂದು ಕಡೆ 5 ಕವಲು. ಹೊಟ್ಟೆ ಕೆಳಗೆ ಒಣಗಿದ ಕೆಸರು. ತಲೆ ಒಂದು ದಪ್ಪ ಕಾಂಡದ ಹಿಂದೆ ಹೋದ ಕ್ಷಣ ಇವನು ಬಿಲ್ಲು ಎಳೆದ, ಕಣ್ಣು ಕಾಣೋ ಹೊತ್ತಲ್ಲಿ ಎಳೆದ್ರೆ ಮುಗೀತು. ಮರ ದಾಟಿ ಎರಡು ಹೆಜ್ಜೆ ಇಟ್ಟಾಗ ತನ್ನ ಬಾಯಲ್ಲಿದ್ದ ರೀಡಿಂದ ಒಂದು ಚಿಕ್ಕ ಮ್ಯೂ ಮಾಡ್ದ, ನಿಂತ್ಕೊಳ್ತು, 28 ಗಜ, ಪಕ್ಕೆ ತೋರಿಸಿ ಸ್ವಲ್ಪ ಆ ಕಡೆ ಓರೆ. ಮುಂಗಾಲಿನ ಹಿಂದೆ, ಎದೆಯ ಕೆಳ ಮೂರನೇ ಒಂದು ಭಾಗದಲ್ಲಿ ಬಾಣ ಹೊಕ್ಕಿ ಆ ಕಡೆ ಹೋಯ್ತು. ಬಾಣದ ಸದ್ದು ಕೇಳಿದ ತಕ್ಷಣ ನಾನು ದಿಬ್ಬದ ಹಿಂದಿಂದ ಮ್ಯೂ ಮೇಲೆ ಮ್ಯೂ ಮಾಡ್ದೆ. ಎಷ್ಟೋ ಸಲ ಏಟು ಬಿದ್ದ ಪ್ರಾಣಿಗೆ ಏನಾಯ್ತು ಅಂತಾನೇ ಗೊತ್ತಾಗಿರಲ್ಲ, ಪಕ್ಕದಲ್ಲಿ ಎಲ್ಕ್ ಸಮಾಧಾನವಾಗಿ ಕೂಗ್ತಿದ್ರೆ ಗಾಬರಿ ಬಿದ್ದು ಓಡದೆ ನಿಧಾನ ಆಗತ್ತೆ. ಇದೂ ನಿಂತು ತಿರುಗಿ ನೋಡ್ತಂತೆ.

45 ನಿಮಿಷ ಕಾದ್ವಿ. ಬಾಣದ ಮೇಲೆ ಗುಲಾಬಿ ಬಣ್ಣದ, ನೊರೆ ಇರೋ ರಕ್ತ, ಅಂದ್ರೆ ಶ್ವಾಸಕೋಶ. ಹಸಿರು ಮೆತ್ತಿದ್ರೆ ಹೊಟ್ಟೆಗೆ ಬಿದ್ದಿದೆ ಅಂತ, ಆಗ ಅರ್ಧ ದಿನವೇ ಕಾಯ್ಬೇಕಾಗತ್ತೆ. ಗಂಡು 90 ಗಜದಾಚೆ ಬಿದ್ದಿತ್ತು. ಚರ್ಮ ಬಿಡಿಸಿ, ತೊಡೆ ಭುಜ ಬೇರೆ ಮಾಡಿ, ಬಟ್ಟೆ ಚೀಲಕ್ಕೆ ಹಾಕಿ ನೆರಳಲ್ಲಿ ತೂಗುಹಾಕಿ, ಬೆನ್ನ ಮೇಲೆ ಹೊತ್ತು ಇಳಿಸೋಷ್ಟರಲ್ಲಿ ಕತ್ತಲಾಯ್ತು, ತಿನ್ನೋ ಮಾಂಸ ಬಿಟ್ಟು ಬರೋದು ಇಲ್ಲಿ ಕಾನೂನು ಪ್ರಕಾರಾನೂ ತಪ್ಪು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ (ಜಿಂಕೆ ಜಾತಿಗೆ ಬರೋ ಮಿದುಳಿನ ರೋಗ) ಟೆಸ್ಟ್ ಗೆ ತಲೆ ಕೊಟ್ವಿ, ರಿಸಲ್ಟ್ ಬರೋ ತನಕ ಮಾಂಸ ಫ್ರೀಜರಲ್ಲೇ ಇತ್ತು, ನೆಗೆಟಿವ್ ಬಂತು.

ಈಗ್ಲೂ ನಮ್ಮಿಬ್ಬರ ಮಧ್ಯೆ ತೀರದ ವಾದ ಒಂದಿದೆ. ಗಂಡನ್ನ ಕದಲಿಸಿದ್ದು ಆ ಎಳೇ ಬ್ಯೂಗಲ್ಲು, ಹೊಟ್ಟೆಕಿಚ್ಚು ಅಂತ ಗೆಳೆಯ ಹೇಳ್ತಾನೆ. ನನ್ನ ಪ್ರಕಾರ ದಿಬ್ಬದ ಮರೆಗೆ ಹೋಗಿದ್ದೇ ಮುಖ್ಯ, ಯಾಕಂದ್ರೆ ಸದ್ದು ನಿಂತಿದ್ದು ಬ್ಯೂಗಲ್ ಆದ್ಮೇಲೆ ನಿಜ, ಆದ್ರೆ ಅದಕ್ಕೂ ಮುಂಚೆ, ನಾನು ಹಿಂದೆ ಸರಿದು ಮೊದಲ ಮ್ಯೂ ಮಾಡಿದಾಗಲೇ ಅದು ಮರ ಉಜ್ಜೋದು ನಿಲ್ಲಿಸಿ ತಲೆ ಎತ್ತಿ ಎರಡು ಹೆಜ್ಜೆ ಮುಂದಿಟ್ಟಿತ್ತು, ಇದನ್ನ ನೋಡಿದ್ದೂ ಅವನೇ. ಬರೋ ಸೆಪ್ಟೆಂಬರಲ್ಲಿ ಇನ್ನೊಂದು ಗಂಡು ಹೀಗೆ ಅಂಚಲ್ಲಿ ನಿಂತ್ರೆ ಟ್ಯೂಬ್ ಮುಟ್ಟಲ್ಲ, ಬರೀ ಮ್ಯೂ, ಕಡ್ಡಿ ಸದ್ದು, ಹಿಂದಕ್ಕೆ ನಡಿಗೆ, ಇಷ್ಟರಲ್ಲೇ ಮುಗಿಸಿ ನೋಡ್ತೀನಿ ಅಂತ ಅವನಿಗೆ ಹೇಳಿದ್ದೀನಿ, ಅವನೂ ಒಪ್ಪಿದ್ದಾನೆ.